ಮುದ್ದೆಗೆ ಅಡಿಟಿಪ್ಪಣಿ ಇರುವುದಿಲ್ಲ

ಒಂದು ವಿಶ್ವವಿದ್ಯಾಲಯದ ಸಂಶೋಧನೆ ಎಷ್ಟು ತೂಕದ್ದು ಎಂದು ನೋಡಲು ಈಗ ಎಲ್ಲರೂ ಹಾಕುವ ಲೆಕ್ಕ ಮುಖ್ಯವಾಗಿ ಎರಡು. ಎಷ್ಟು ಪ್ರಬಂಧ ಪ್ರಕಟವಾದವು, ಅವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು. ಇದೇ ಲೆಕ್ಕವನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಹಾಕಿ ನೋಡಿದರೆ ಒಂದು ತಮಾಷೆ ಇದೆ. ಅಲ್ಲಿನ ದೊಡ್ಡ ಕೆಲಸ ನಿನ್ನೆ ರಾತ್ರಿ ನಿಮ್ಮ ತಟ್ಟೆಯಲ್ಲಿ ಮುದ್ದೆಯಾಗಿ ಕೂತಿದ್ದಿರಬಹುದು. ಮುದ್ದೆ ಮುರಿಯುವಾಗ ಯಾರೂ ಪ್ರಬಂಧ ಉಲ್ಲೇಖಿಸುವುದಿಲ್ಲ, ಅಲ್ವಾ?

ಕತೆ ಶುರುವಾಗುವುದು ವಿಶ್ವವಿದ್ಯಾಲಯ ಹುಟ್ಟುವ ಎಷ್ಟೋ ವರ್ಷ ಮೊದಲು. 1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿ ವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೊಟ್ಟರು. ಬೆಳೆಗಳ ಪ್ರಯೋಗ ನಡೆಸಲು ಒಂದು ತಾಣ ಬೇಕಿತ್ತು. ಇವತ್ತು ಅದೇ ಹೆಬ್ಬಾಳದಲ್ಲಿ ಫ್ಲೈಓವರ್ ಮೇಲೆ ನಿಂತು ವಿಮಾನಕ್ಕೆ ತಡವಾಯಿತೆಂದು ಒದ್ದಾಡುತ್ತೇವೆ. ಮಣ್ಣಿಗೆ ಏನು ಹಾಕಿದರೆ ಬೆಳೆ ಹೇಗೆ ಬರುತ್ತದೆ ಎಂಬ ಪರೀಕ್ಷೆಯನ್ನು ಅಲ್ಲಿ ಮೊದಲು ಕೈಗೆತ್ತಿಕೊಂಡವರು ಲೇಮನ್ ಎಂಬ ರಸಾಯನ ವಿಜ್ಞಾನಿ. ಅವರ ನಂತರ 1908ರಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಸುಮಾರು ಕಾಲು ಶತಮಾನ ಮೈಸೂರು ಸಂಸ್ಥಾನದ ಕೃಷಿಗೆ ದುಡಿದರು. ಜೋಳ ತಿನ್ನುವ, ರೆಕ್ಕೆಯಿಲ್ಲದ ದಖ್ಖನ್ ಮಿಡತೆಯೊಂದರ ಕುಲಕ್ಕೆ 'ಕೋಲ್ಮೇನಿಯಾ' ಎಂದು ಹೆಸರು ಬಿದ್ದಿದ್ದು ಇವರಿಂದಲೇ. ಪೀಡೆಗೆ ತನ್ನ ಹೆಸರು ಅಂಟಿದರೆ ಅದನ್ನು ಗೌರವ ಅನ್ನಬೇಕೋ ಏನೋ!

ಮಲೆನಾಡಿನವರಿಗೆ ಕೋಲ್ಮನ್ ಮುಖ್ಯವಾಗುವುದು ಕೊಳೆರೋಗದಿಂದ. ಜಡಿಮಳೆಯಲ್ಲಿ ಎಳೆ ಅಡಕೆ ಕೊಳೆತು ಮರದ ಬುಡಕ್ಕೆ ಉದುರುವ ಆ ರೋಗಕ್ಕೆ ಆಗ ಇದ್ದ ಮದ್ದು ಕೊಟ್ಟೆ ಕಟ್ಟುವುದು. ಅಂದರೆ ಗೊನೆಗೊಂದು ಟೋಪಿ ಹಾಕಿ ಮಳೆ ತಡೆಯುವುದು. ರೈತರ ಆ ಉಪಾಯದಲ್ಲಿ ತಪ್ಪೇನಿರಲಿಲ್ಲ, ಏಕೆಂದರೆ ರೋಗಾಣು ಹರಡುವುದೇ ಮಳೆಹನಿಯ ಜೊತೆ. ಕೋಲ್ಮನ್ ಆ ರೋಗಾಣುವನ್ನು ಕೂಲಂಕಷವಾಗಿ ನೋಡಿ 1910ರಲ್ಲಿ ಒಂದು ಪುಸ್ತಿಕೆ ಬರೆದರು. ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಬೋರ್ಡೋ ದ್ರಾವಣ ಅಡಕೆ ಮರ ಹತ್ತಿದ್ದು ಆಮೇಲೆ.

ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ ಬೆರೆಸಿದ ಮೇಲೆ ಕತ್ತಿಯ ಅಲಗನ್ನು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಮತ್ತಷ್ಟು ಹಾಕು, ಮತ್ತೆ ಅದ್ದು. ಅಲಗು ಬೆಳ್ಳಗೇ ಉಳಿದರೆ ಕೊನೆಗಾರ ಮರ ಹತ್ತಬಹುದು. ಆ ಪುಸ್ತಿಕೆಯ ಹೆಸರೇ ಕೇಳದ ಮನೆಗಳಲ್ಲೂ ಮಳೆಗಾಲ ಶುರುವಾಗುವ ಮುಂಚೆ ಈ ಪ್ರಯೋಗ ನಡೆಯುತ್ತದೆ. ಇದನ್ನು ಯಾವ ಸೂಚ್ಯಂಕಕ್ಕೆ ಸೇರಿಸುವುದು?

1964ರಲ್ಲಿ ಹೆಬ್ಬಾಳದ ಕಾಲೇಜು, ಊರೂರಿನ ಸಂಶೋಧನಾ ಕೇಂದ್ರಗಳೆಲ್ಲ ಸೇರಿ ಕೃಷಿ ವಿಶ್ವವಿದ್ಯಾಲಯವಾಯಿತು. ಮಾದರಿ ಅಮೆರಿಕದ್ದು. ಪಾಠ, ಸಂಶೋಧನೆ, ರೈತರಿಗೆ ತಲುಪಿಸುವುದು, ಮೂರೂ ಒಂದೇ ಸೂರಿನಡಿ. ಆ ಹೊತ್ತಿಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಲ್ಲಿ ಲಕ್ಷ್ಮಣಯ್ಯ ಎಂಬುವರು ರಾಗಿಯ ಬೆನ್ನು ಬಿದ್ದಾಗಿತ್ತು.

ರಾಗಿಯಲ್ಲಿ ತಳಿ ಬೆರೆಸುವುದು ಪ್ರಾಣ ಹಿಂಡುವ ಕೆಲಸ. ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಅದು ಅರಳುವುದೂ ನಾವೆಲ್ಲ ಮಲಗಿರುವ ಹೊತ್ತಲ್ಲಿ, ಬೆಳಗಿನ ಜಾವಕ್ಕೆ. ಬಹುಪಾಲು ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶವೂ ಮುಗಿಸಿಕೊಳ್ಳುತ್ತದೆ. ಹಾಗಾಗಿ ಒಂದು ಉಪಾಯವಿದೆ. ಎರಡು ತಳಿಯ ತೆನೆಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿಬಿಡುವುದು. ತಾಯಿ ಹಸಿರು ಗಿಡ, ತಂದೆ ನೇರಳೆ ಬಣ್ಣದ್ದು. ತಾಯಿಯ ತೆನೆಯ ಕಾಳು ಬಿತ್ತಿ ಕಾಯಬೇಕು. ಹಸಿರು ಪೈರಿನ ಮಧ್ಯೆ ಎಲ್ಲೋ ಒಂದು ನೇರಳೆ ಛಾಯೆಯ ಸಸಿ ಕಂಡರೆ ಅದೇ ಬೆರಕೆ. ಆ ಒಂದನ್ನು ಹುಡುಕಲು ಪಾತಿಯ ಮುಂದೆ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂರುವ ತಾಳ್ಮೆ ಬೇಕು.

ಮೊದಲು ಅವರು ನಮ್ಮ ರಾಗಿಗಳನ್ನೇ ಬೆರೆಸಿದರು. ಅರುಣ, ಉದಯ, ಪೂರ್ಣ, ಕಾವೇರಿ ಎಂದು ಮನೆಮಕ್ಕಳ ಹೆಸರಿನ ತಳಿಗಳು ಬಂದವು. ಇಳುವರಿ ಏರಿತು, ಆದರೆ ಒಂದು ಹಂತಕ್ಕೆ ನಿಂತಿತು. ಆಗ ಅವರ ಕಣ್ಣು ಬಿದ್ದಿದ್ದು ಆಫ್ರಿಕಾದ ರಾಗಿಯ ಮೇಲೆ. ರಾಗಿಯ ತವರು ಪೂರ್ವ ಆಫ್ರಿಕಾ. ಅದು ಅಲ್ಲಿಂದ ನಮ್ಮಲ್ಲಿಗೆ ಬಂದು ಸಾವಿರಾರು ವರ್ಷಗಳಾಗಿವೆ. ತವರಲ್ಲೇ ಉಳಿದ ದಾಯಾದಿಯ ಕಾಂಡ ಗಟ್ಟಿ, ತೆನೆ ದಪ್ಪ, ರೋಗ ತಡೆಯುವ ಶಕ್ತಿಯೂ ಜಾಸ್ತಿ. ಆದರೆ ಕೊಯ್ಲಿಗೆ ಬರುವುದು ತೀರಾ ತಡ. ಎರಡನ್ನೂ ಕೂಡಿಸಿದಾಗ ಹುಟ್ಟಿದ್ದೇ 'ಇಂಡಾಫ್'. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. 1970ರ ದಶಕದಿಂದ ಇಂಡಾಫ್ ತಳಿಗಳು ಸಾಲಾಗಿ ಹೊಲಕ್ಕಿಳಿದವು. ಜನ ಲಕ್ಷ್ಮಣಯ್ಯನವರನ್ನು 'ರಾಗಿ ಬ್ರಹ್ಮ' ಎಂದು ಕರೆದರು. ಹಸಿರು ಕ್ರಾಂತಿ ಎಂದರೆ ಗೋಧಿ, ಭತ್ತ ಎಂದಷ್ಟೇ ಓದಿಕೊಂಡ ನಮಗೆ, ಒಣಭೂಮಿಯಲ್ಲಿ ಹೆಚ್ಚು ಸದ್ದು ಮಾಡದೆ ನಡೆದ ಈ ಕ್ರಾಂತಿ ಪಠ್ಯಪುಸ್ತಕದಲ್ಲಿ ಸಿಗುವುದು ಕಷ್ಟ.

ಅಷ್ಟಕ್ಕೇ ಮುಗಿಯಲಿಲ್ಲ. ತೆನೆಯ ಕುತ್ತಿಗೆಗೇ ಬಂದು ಕಾಳು ಜೊಳ್ಳು ಮಾಡುವ ಬೆಂಕಿ ರೋಗ ಬಿಡಲಿಲ್ಲ. ಅದನ್ನು ತಡೆದುಕೊಳ್ಳುವ 'ಜಿಪಿಯು 28' ಬಂದದ್ದು 1990ರ ದಶಕದಲ್ಲಿ, ಇದೇ ವಿಶ್ವವಿದ್ಯಾಲಯದ ಬೆಂಗಳೂರು ಆವರಣವಾದ ಜಿಕೆವಿಕೆಯಿಂದ. ಅದರ ತಾಯಿ ಇಂಡಾಫ್ 5. ಹೆಸರು ಸ್ಕೂಟರ್ ನಂಬರಿನ ಹಾಗಿದ್ದರೂ ರೈತರ ಬಾಯಲ್ಲಿ ಸಲೀಸಾಗಿ ಓಡಾಡಿತು. ಹೊಸ ತಳಿ ಬಂದಂತೆ ಹಳೆಯ ನಾಟಿ ರಾಗಿಗಳು ಹೊಲ ಬಿಟ್ಟವು ಎಂಬುದೂ ನಿಜ. ಆ ನಷ್ಟವನ್ನು ಈ ಯಶಸ್ಸಿನ ಪಕ್ಕದಲ್ಲೇ ಬರೆಯಬೇಕು.

ಹಾಗಂತ ಜಿಕೆವಿಕೆಯಲ್ಲಿ ಜಗತ್ತು ಓದಿದ ಪ್ರಬಂಧಗಳೇ ಇಲ್ಲ ಎಂದಲ್ಲ. ಹೊಂಗೆಕಾಯಿ ಬಿಡಿಸಿ ನೋಡಿ. ಎರಡು ಬೀಜಕ್ಕೆ ಜಾಗವಿದ್ದರೂ ಸಾಮಾನ್ಯವಾಗಿ ಬಲಿತಿರುವುದು ಒಂದೇ. ಇನ್ನೊಂದು ಏನಾಯಿತು? ಅಲ್ಲಿನ ಉಮಾಶಂಕರ್ ಮತ್ತು ಗಣೇಶಯ್ಯ ಇಂಥ ಪ್ರಶ್ನೆ ಹಿಡಿದು ಹೊರಟರು. ಹೌದು, ಕನ್ನಡದಲ್ಲಿ ಕಾದಂಬರಿ ಬರೆಯುವ ಗಣೇಶಯ್ಯನವರೇ. ಕಾಯಿಯೊಳಗೆ ಒಡಹುಟ್ಟಿದವರ ನಡುವೆಯೇ ಜಗಳ, ಮೊದಲು ಬೆಳೆದದ್ದು ಉಳಿದವನ್ನು ಕೊಲ್ಲಬಹುದು ಎಂದು ಬೀಟೆಯ ಬಳಗಕ್ಕೆ ಸೇರಿದ ಸಿಸ್ಸೂ ಮರದ ಕಾಯಿಗಳಲ್ಲಿ ತೋರಿಸಿದರು. ಅಮೆರಿಕದ ಕಮಲ್‌ಜಿತ್ ಬಾವಾ ಅವರ ಜೊತೆ 1988ರಲ್ಲಿ ಈ ವಿಷಯದ ಮೇಲೆ ಅವರು ಬರೆದ ವಿಮರ್ಶಾ ಪ್ರಬಂಧ ಪರಿಸರ ವಿಜ್ಞಾನಿಗಳ ವಲಯದಲ್ಲಿ ಹೆಸರು ಮಾಡಿತು. ಸೂಚ್ಯಂಕಗಳಿಗೆ ಇದು ಸುಲಭವಾಗಿ ಸಿಗುತ್ತದೆ.

ರಾಗಿ ಹಾಗೆ ಸಿಗುವುದಿಲ್ಲ. ಅದಕ್ಕೆ ಕಾರಣ ಆ ಗಿಡದ ಸ್ವಭಾವದಲ್ಲೇ ಇದೆ. ಮೊದಲೇ ಹೇಳಿದ ಹಾಗೆ ರಾಗಿ ತನ್ನಷ್ಟಕ್ಕೆ ತಾನೇ ಕಾಳು ಕಟ್ಟುತ್ತದೆ, ಆದ್ದರಿಂದ ಒಮ್ಮೆ ತಂದ ಬಿತ್ತನೆಯನ್ನು ಮನೆಯಲ್ಲೇ ಎತ್ತಿಟ್ಟುಕೊಳ್ಳಬಹುದು. ಅಣ್ಣನ ಹೊಲದಲ್ಲಿ ತೆನೆ ಚೆನ್ನಾಗಿ ಕಂಡರೆ ತಮ್ಮ ಎರಡು ಸೇರು ಕೇಳಿ ಒಯ್ಯುತ್ತಾನೆ. ಮುಂದಿನ ವರ್ಷ ಅವನ ಬೀಗರ ಊರಿಗೂ ಹೋಗುತ್ತದೆ. ಮೂರನೇ ಊರು ಮುಟ್ಟುವಾಗ ನಂಬರ್ ಕಳೆದುಹೋಗಿ, ಅದು ಸುಮ್ನೆ 'ಮಂಡ್ಯದ ಕಡೆ ರಾಗಿ' ಆಗಿರುತ್ತದೆ.