ಎಲೆಯ ಮೇಲಿನ ಚುಕ್ಕೆ ಯಾರದು?

ಜನವರಿ ಬಂತೆಂದರೆ ನನ್ನ ಫೋನಿನ ತುಂಬ ಎಲೆಗಳ ಫೋಟೋ. ಮಲ್ಲೇಶ್ವರದ ತಾರಸಿಯ ಗುಲಾಬಿ, ಯಲಹಂಕದ ಬಾಲ್ಕನಿಯ ಟೊಮೆಟೊ, ಜಯನಗರದ ಕಾಂಪೌಂಡಿನ ದಾಸವಾಳ. ಜೊತೆಗೆ ಒಂದೇ ಪ್ರಶ್ನೆ: "ಮೇಡಂ, ಚುಕ್ಕೆ ಬಂದಿದೆ, ಏನು ಹೊಡೀಲಿ?" ನಾನು ತಿರುಗಿ ಕೇಳುವುದೂ ಒಂದೇ. ಚುಕ್ಕೆ ಮೊನ್ನೆಗಿಂತ ಇವತ್ತು ದೊಡ್ಡದಾಗಿದೆಯಾ? ಬಹಳಷ್ಟು ಜನ ಅದನ್ನು ನೋಡಿರುವುದಿಲ್ಲ. ನೋಡಬೇಕು. ಎಲೆಯ ಮೇಲಿನ ಚುಕ್ಕೆಗಳೆಲ್ಲ ಶಿಲೀಂಧ್ರದ ಕೆಲಸವಲ್ಲ. ಕೆಲವನ್ನು ಗಿಡವೇ ಬೇಕೆಂದು ಮಾಡಿಕೊಂಡಿರುತ್ತದೆ.

ಶಿಲೀಂಧ್ರದ ಬೀಜಕಣಗಳು ಗಾಳಿಯಲ್ಲಿ ಸದಾ ಇರುತ್ತವೆ. ಎಲೆಯ ಮೇಲೆ ಬಿದ್ದವುಗಳಲ್ಲಿ ಹೆಚ್ಚಿನವು ಒಳಗೆ ಹೋಗುವುದೇ ಇಲ್ಲ. ಮೊದಲ ಅಡ್ಡಿ ಮೇಣದ ಪದರ. ಕೆಸುವಿನ ಎಲೆ ಮೇಲೆ ನೀರು ಉರುಳಿ ಹೋಗುವುದನ್ನು ನೋಡಿದ್ದೀರಿ ಅಲ್ವಾ? ನೀರು ನಿಲ್ಲದಿದ್ದರೆ ಬಹುಪಾಲು ಬೀಜಕಣಗಳು ಮೊಳೆಯುವುದಿಲ್ಲ. ಮೊಳೆತವುಗಳಿಗೂ ದಾರಿ ಬೇಕು. ತುಕ್ಕು ರೋಗದ ಶಿಲೀಂಧ್ರ ಎಲೆ ಉಸಿರಾಡುವ ಸಣ್ಣ ರಂಧ್ರಗಳನ್ನು ಹುಡುಕಿಕೊಂಡು ನುಸುಳುತ್ತದೆ. ಬೆಂಕಿ ರೋಗದ್ದು ಒರಟು ಜಾತಿ. ಎಲೆಗೆ ಅಂಟಿಕೊಂಡು ಗುಮ್ಮಟದಂಥ ಕಪ್ಪು ಕೋಶ ಕಟ್ಟುತ್ತದೆ, ಅದರೊಳಗೆ ಒತ್ತಡ ಏರಿಸಿಕೊಂಡು ಮೊಳೆಯಂಥ ತುದಿಯನ್ನು ಎಲೆಯೊಳಕ್ಕೆ ನೇರವಾಗಿ ಚುಚ್ಚುತ್ತದೆ. ಭತ್ತದ ಬೆಂಕಿ ರೋಗದಲ್ಲಿ ಈ ಒತ್ತಡ ಕಾರಿನ ಟೈರಿನಲ್ಲಿರುವುದಕ್ಕಿಂತ 30 ಪಟ್ಟಿಗೂ ಜಾಸ್ತಿ. ನಮ್ಮ ರಾಗಿಯನ್ನು ಕಾಡುವುದೂ ಇದರ ಬಳಗವೇ. ಹಾಗಾಗಿಯೇ ಬೆಂಕಿ ರೋಗ ತಡೆಯುವ ಜಿಪಿಯು-28 ಥರದ ರಾಗಿ ತಳಿಗಳಿಗೆ ಅಷ್ಟು ಬೆಲೆ.

ಒಳಗೆ ಬಂದದ್ದು ಬೇರೆಯವರು ಅಂತ ಗಿಡಕ್ಕೆ ಗೊತ್ತಾಗುವುದು ಹೇಗೆ? ಶಿಲೀಂಧ್ರದ ಕೋಶದ ಗೋಡೆಯಲ್ಲಿ ಕೈಟಿನ್ ಇರುತ್ತದೆ. ಸಿಗಡಿಯ ಚಿಪ್ಪಿನಲ್ಲಿರುವುದೂ ಅದೇ ವಸ್ತು. ಗಿಡದಲ್ಲಿ ಅದು ಇಲ್ಲ. ಆದ್ದರಿಂದ ಕೈಟಿನ್‌ನ ಚೂರು ತಾಗಿದ ಕೂಡಲೇ ಜೀವಕೋಶ ಎಚ್ಚರವಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಸುರಿಸುತ್ತದೆ, ಚುಚ್ಚುತ್ತಿರುವ ಜಾಗದಲ್ಲಿ ಗೋಡೆಯನ್ನು ದಪ್ಪ ಮಾಡುತ್ತದೆ, ಕೈಟಿನ್ ಕತ್ತರಿಸುವ ಕಿಣ್ವ ಬಿಡುತ್ತದೆ. ಕತ್ತರಿಸಿದಷ್ಟೂ ಚೂರುಗಳು, ಚೂರುಗಳು ಹೆಚ್ಚಿದಷ್ಟೂ ಎಚ್ಚರ.

ಪಳಗಿದ ಶಿಲೀಂಧ್ರಗಳು ಈ ಎಚ್ಚರಿಕೆಯನ್ನೇ ಅಡಗಿಸುವ ಪ್ರೋಟೀನುಗಳನ್ನು ಒಳಗೆ ಬಿಡುತ್ತವೆ. ಆ ಪ್ರೋಟೀನನ್ನು ಗುರುತಿಸುವ ಜೀನ್ ಇದ್ದರೆ ಗಿಡ ದೊಡ್ಡ ಹೆಜ್ಜೆ ಇಡುತ್ತದೆ. ಸೋಂಕು ತಗುಲಿದ ಕೋಶ ತಾನೇ ಸಾಯುತ್ತದೆ, ಸುತ್ತಲಿನ ಕೆಲವು ಕೋಶಗಳೂ ಜೊತೆಗೆ. ತುಕ್ಕು ರೋಗ, ಎಲೆ ಮೇಲೆ ಬಿಳಿ ಪುಡಿ ಹರಡುವ ಬೂದಿ ರೋಗದ ಶಿಲೀಂಧ್ರಗಳು ಜೀವಂತ ಕೋಶದಿಂದ ಮಾತ್ರ ಊಟ ಹೀರಬಲ್ಲವು. ಸುತ್ತ ಎಲ್ಲ ಸತ್ತಿದ್ದರೆ ಅವಕ್ಕೆ ಉಪವಾಸ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಸೂಜಿ ಚುಚ್ಚಿದಷ್ಟೇ ಕಂದು ಗುರುತು, ಸುತ್ತ ಹಸಿರು, ಪುಡಿ ಇಲ್ಲ, ಬೂಷ್ಟು ಇಲ್ಲ. ವಾರ ಕಳೆದರೂ ಅಷ್ಟೇ ಇದ್ದರೆ ಅಲ್ಲಿ ನಿಮ್ಮ ಔಷಧಿಗೆ ಕೆಲಸವಿಲ್ಲ.

ಆದರೆ ಎಲ್ಲ ಶಿಲೀಂಧ್ರಕ್ಕೂ ಈ ಉಪಾಯ ನಡೆಯುವುದಿಲ್ಲ. ಪಾಲಿಹೌಸ್ ಗುಲಾಬಿ ಬೆಳೆಯುವವರಿಗೆ ಬೂದು ಬಣ್ಣದ ಬೂಷ್ಟು ಚೆನ್ನಾಗಿ ಗೊತ್ತು. ಮೊಗ್ಗು ಅರಳುವ ಮೊದಲೇ ದಳ ಕಂದಾಗಿ ಕೊಳೆಯುತ್ತದೆ. ಬೊಟ್ರೈಟಿಸ್ ಎಂಬ ಈ ಶಿಲೀಂಧ್ರ ಕೋಶವನ್ನು ಕೊಂದೇ ತಿನ್ನುವುದು. ಗಿಡ ತಾನೇ ಕೋಶ ಸಾಯಿಸಿಕೊಟ್ಟರೆ ಅದಕ್ಕೆ ಎಲೆ ಹಾಕಿ ಬಡಿಸಿದ ಹಾಗೆ. ಅದಕ್ಕೇ ಗಿಡಗಳು ಎರಡು ಲೆಕ್ಕ ಇಟ್ಟುಕೊಂಡಿವೆ. ಜೀವಂತ ಕೋಶ ಬೇಕಾದವುಗಳ ವಿರುದ್ಧ ಮುಖ್ಯವಾಗಿ ಸ್ಯಾಲಿಸಿಲಿಕ್ ಆಮ್ಲದ ಸಂದೇಶ, ಕೊಂದು ತಿನ್ನುವವುಗಳ ವಿರುದ್ಧ ಜಾಸ್ಮೋನಿಕ್ ಆಮ್ಲ ಮತ್ತು ಎಥಿಲೀನ್. ಒಂದು ಜೋರಾದರೆ ಇನ್ನೊಂದು ಎಷ್ಟೋ ಸಲ ತಗ್ಗುತ್ತದೆ. ಟೊಮೆಟೊದ ಕೆಳಗಿನ ಹಳೆ ಎಲೆಯಲ್ಲಿ ಉಂಗುರದೊಳಗೆ ಉಂಗುರ ಇರುವ ಚುಕ್ಕೆ ಕಂಡು, ಸುತ್ತ ಹಳದಿಯಾಗಿ ದಿನದಿನಕ್ಕೆ ಹರಡುತ್ತಿದ್ದರೆ ಅದು ಎಲೆ ಅಂಗಮಾರಿ. ಆ ಚುಕ್ಕೆ ಗಿಡದ್ದಲ್ಲ. ಎಲೆ ಕಿತ್ತು ಕಸಕ್ಕೆ ಹಾಕಿ, ಕುಂಡದಲ್ಲೇ ಬಿಡಬೇಡಿ. ಪ್ರತಿವರ್ಷ ಇದೇ ಗೋಳಾದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ತಳಿ ಹಾಕಿ ನೋಡಿ. ಅಂಗಮಾರಿಯನ್ನು ಅದು ಚೆನ್ನಾಗಿಯೇ ತಡೆದುಕೊಳ್ಳುತ್ತದೆ.

ತಳಿಯ ಶಕ್ತಿ ಶಾಶ್ವತವೇನಲ್ಲ. ಈ ಪಾಠ ಮೊದಲು ಕಲಿತವರಲ್ಲಿ ನಮ್ಮ ಕಾಫಿ ಸೀಮೆಯವರೂ ಇದ್ದಾರೆ. ಸಿಲೋನಿನ ಕಾಫಿಯನ್ನು ತುಕ್ಕು ರೋಗ ಮುಗಿಸಿದ ಮೇಲೆ ಇಲ್ಲಿ ಕೆಂಟ್ಸ್ ಎಂಬ ತಳಿ ಬಂತು. ಕೆಲವು ವರ್ಷ ತುಕ್ಕು ತಾಗಲಿಲ್ಲ, ಆಮೇಲೆ ತಾಗಿತು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಡಬ್ಲ್ಯು. ಡಬ್ಲ್ಯು. ಮೇನ್ 1930ರ ದಶಕದಲ್ಲಿ ಕಾರಣ ತೋರಿಸಿದರು. ತುಕ್ಕಿನಲ್ಲೂ ಬೇರೆ ಬೇರೆ ಬಗೆಗಳಿವೆ, ಒಂದನ್ನು ತಡೆಯುವ ಗಿಡ ಇನ್ನೊಂದಕ್ಕೆ ಬಲಿಯಾಗಬಹುದು. ಅಮೆರಿಕದ ಹೆರಾಲ್ಡ್ ಫ್ಲೋರ್ ಅಗಸೆ ಗಿಡದ ತುಕ್ಕಿನ ಮೇಲೆ ಕೆಲಸ ಮಾಡಿ, ರೋಗ ತಡೆಯುವ ಗಿಡದ ಒಂದೊಂದು ಜೀನಿಗೂ ಶಿಲೀಂಧ್ರದಲ್ಲಿ ಒಂದು ಜೊತೆ ಜೀನ್ ಇರುತ್ತದೆ ಎಂದು ತೋರಿಸಿದ್ದು 1940ರ ದಶಕದಲ್ಲಿ.

ಸ್ಯಾಲಿಸಿಲಿಕ್ ಆಮ್ಲ ಅಂದ ಕೂಡಲೇ ಅದರಿಂದಲೇ ಮಾಡುವ ಆಸ್ಪಿರಿನ್ ನೆನಪಾಗುತ್ತದೆ. ತಾರಸಿ ತೋಟದ ಗುಂಪುಗಳಲ್ಲಿ ಮಾತ್ರೆ ಕರಗಿಸಿ ಹೊಡೆಯುವ ಸಲಹೆ ಓಡಾಡುತ್ತಿರುತ್ತದೆ. ಪೂರ್ತಿ ಸುಳ್ಳಲ್ಲ. ತಂಬಾಕಿನ ಒಂದು ಎಲೆಗೆ ವೈರಸ್ ತಗುಲಿದರೆ ಬೇರೆ ಎಲೆಗಳೂ ಗಟ್ಟಿಯಾಗುತ್ತವೆ ಎಂದು ಫ್ರಾಂಕ್ ರಾಸ್ 1961ರಲ್ಲಿ ಕಂಡಿದ್ದರು. ಆಸ್ಪಿರಿನ್ ಕೊಟ್ಟರೂ ತಂಬಾಕು ಆ ವೈರಸ್ಸನ್ನು ತಡೆಯುತ್ತದೆ ಎಂದು 1979ರಲ್ಲಿ ಗೊತ್ತಾಯಿತು. ಆದರೂ ನಾನು ಬೇಡ ಅನ್ನುತ್ತೇನೆ. ಅಳತೆ ಸ್ವಲ್ಪ ಜಾಸ್ತಿಯಾದರೆ ಎಲೆ ಸುಡುತ್ತದೆ. ರಕ್ಷಣೆಗೆ ಖರ್ಚಾಗುವ ಶಕ್ತಿ ಹೂವಿಗೆ, ಕಾಯಿಗೆ ಸಿಗುವುದಿಲ್ಲ. ಸುಮ್ನೆ ಸದಾ ಎಚ್ಚರವಾಗಿಟ್ಟು ಏನು ಲಾಭ?

ಗಿಡದ ರಕ್ಷಣೆ ಕೆಡುವುದು ಹೆಚ್ಚಾಗಿ ನಮ್ಮ ಪ್ರೀತಿಯಿಂದಲೇ. ಯೂರಿಯಾ ಜಾಸ್ತಿಯಾದರೆ ಎಲೆ ದೊಡ್ಡದಾಗಿ, ಮೆತ್ತಗಾಗಿ ಬರುತ್ತದೆ, ಬೆಂಕಿ ರೋಗಕ್ಕೂ ಬೂದಿ ರೋಗಕ್ಕೂ ಅದೇ ಇಷ್ಟ. ಸಂಜೆ ಎಲೆ ಮೇಲೆ ನೀರು ಹಾಕಿದರೆ ರಾತ್ರಿಯಿಡೀ ಒದ್ದೆ. ಬುಡಕ್ಕೆ ಹಾಕಿ, ಬೆಳಿಗ್ಗೆ ಹಾಕಿ. ಬೂದಿ ರೋಗ ಮಾತ್ರ ಬೇರೆ ಜಾತಿ, ಒಣ ಎಲೆಯ ಮೇಲೂ ಬೆಳೆಯುತ್ತದೆ. ಬೆಂಗಳೂರಿನ ಚಳಿಗಾಲದ ತಂಪು ರಾತ್ರಿ, ಒಣ ಹಗಲು ಅದಕ್ಕೆ ಹೇಳಿ ಮಾಡಿಸಿದ್ದು. ಆಗ ಬೆಳಿಗ್ಗೆ ಎಲೆ ತೊಳೆದರೆ ಒಳ್ಳೆಯದೇ.

ರಸ್ತೆ ಬದಿಯ ಮರಗಳದ್ದು ಬೇರೆ ಕಥೆ. ಮರದ ಗಾಯ ನಮ್ಮ ಚರ್ಮದ ಥರ ಮಾಯುವುದಿಲ್ಲ. ಕೊಳೆತ ಭಾಗವನ್ನು ಮರ ಒಳಗಿನಿಂದಲೇ ಗೋಡೆ ಕಟ್ಟಿ ಬೇರೆ ಮಾಡಿ, ಅದರಾಚೆ ಹೊಸ ಕಟ್ಟಿಗೆಯ ಪದರ ಬೆಳೆಸುತ್ತದೆ. ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೋ ಸಾವಿರಾರು ಮರ ಸೀಳಿ ಇದನ್ನು ತೋರಿಸಿದರು. ಪೊಟರೆಯನ್ನು ಕೆರೆದು ಸಿಮೆಂಟ್ ತುಂಬಿದರೆ ಒಡೆಯುವುದು ಆ ಗೋಡೆಯೇ. ಗಾಯಕ್ಕೆ ಪೇಂಟ್ ಬಳಿದರೂ ಕೊಳೆಯುವುದು ನಿಲ್ಲುವುದಿಲ್ಲ. ಮಳೆಗಾಲಕ್ಕೆ ಮುಂಚೆ ಮನೆ ಮುಂದಿನ ಕೊಂಬೆ ಕಡಿಸುವುದಿದ್ದರೆ ಕೊಡಲಿ ಬೇಡ, ಗರಗಸ ತರಿಸಿ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿಕೊಂಡಿರುವ ಬಳೆಯಂಥ ಭಾಗವನ್ನು ಉಳಿಸಿ, ಅದರ ಹೊರಗೆ ಕತ್ತರಿಸಲು ಹೇಳಿ.