ಕೈವಾರ ಹಿಡಿದು ಓದಬೇಕಾದ ಸಂವಿಧಾನ

ನೇಪಾಳದ ಸಂವಿಧಾನದ ಅನುಸೂಚಿ 1 ಓದಲು ಕೂತರೆ ಪಕ್ಕದಲ್ಲಿ ಸ್ಕೇಲು, ಕೈವಾರ ಇರಲಿ. ರಾಷ್ಟ್ರಧ್ವಜವನ್ನು ಬರೆಯುವ ಬಗೆಯನ್ನು ಅಲ್ಲಿ 24 ಹಂತಗಳಲ್ಲಿ ಹೇಳಿದ್ದಾರೆ. ಮೊದಲು ಕಡುಗೆಂಪು ಬಟ್ಟೆಯ ಕೆಳಭಾಗದಲ್ಲಿ ಒಂದು ಅಡ್ಡಗೆರೆ. ಎಷ್ಟುದ್ದ? ನಿಮಗೆ ಬೇಕಾದಷ್ಟು! ಮಿಕ್ಕಿದ್ದೆಲ್ಲ ಆ ಗೆರೆಯಿಂದಲೇ ಹುಟ್ಟುತ್ತದೆ.

ನಾನು 12 ಸೆಂ.ಮೀ. ಎಳೆದೆ. ಅದರ ಎಡತುದಿಯಿಂದ ನೆಟ್ಟಗೆ ಮೇಲಕ್ಕೆ, ಮೂರನೇ ಒಂದು ಪಾಲು ಹೆಚ್ಚು, ಅಂದರೆ 16. ಈ ನಿಲುಗೆರೆಯಲ್ಲಿ 12ಕ್ಕೆ ಗುರುತು ಹಾಕಿ, ಅಲ್ಲಿಂದ ಅಡಿಗೆರೆಯ ಬಲತುದಿಗೆ ಒಂದು ಓರೆಗೆರೆ. ಬಲತುದಿಯಿಂದ ಓರೆಗೆರೆಯ ಮೇಲೆ 12 ಅಳೆದು ಚುಕ್ಕಿ. ನಿಲುಗೆರೆಯಿಂದ ಹೊರಟು ಆ ಚುಕ್ಕಿಯನ್ನು ಹಾಯುವಂತೆ 12ರದೇ ಇನ್ನೊಂದು ಅಡ್ಡಗೆರೆ. ಅದರ ಕೊನೆಯನ್ನು ನಿಲುಗೆರೆಯ ನೆತ್ತಿಗೆ ಜೋಡಿಸಿದರೆ ಒಂದರ ಮೇಲೊಂದು ಎರಡು ತ್ರಿಕೋನ.

ಓರೆಗೆರೆ ಚೌಕದ ಕರ್ಣವಾದ್ದರಿಂದ √2 ಸದ್ದಿಲ್ಲದೆ ಒಳಗೆ ಬಂತು. ಯಜ್ಞವೇದಿಗೆ ಹಗ್ಗ ಹಿಡಿದು ಅಳೆಯುತ್ತಿದ್ದವರ ಬೌಧಾಯನ ಶುಲ್ಬಸೂತ್ರದಲ್ಲಿ ಇದರ ಬೆಲೆ 577/408. ಐದು ದಶಮಾಂಶ ಸ್ಥಾನದವರೆಗೂ ಸರಿ. ಹಾಗೆಂದು ‘ನೇಪಾಳದ ಬಾವುಟದಲ್ಲಿ ವೇದಗಣಿತದ ಗುಟ್ಟು’ ಎಂದು ವಾಟ್ಸಾಪಿಗೆ ಏರಿಸಬೇಡಿ. ಕರ್ಣ ಎಳೆದವರಿಗೆಲ್ಲ √2 ಸಿಗುತ್ತದೆ, ಟೈಲ್ಸ್ ಕೂರಿಸುವ ಮೇಸ್ತ್ರಿಗೂ.

ಇಲ್ಲಿಯವರೆಗೆ ಎತ್ತರ, ಅಗಲ 16 ಮತ್ತು 12. ಸರಳವಾದ 4:3. ನನಗೆ ಹುಚ್ಚು ಹಿಡಿಸಿದ್ದು ಆಮೇಲೆ ಬರುವ ನೀಲಿ ಅಂಚು. ಸುತ್ತಲೂ ಒಂದೇ ದಪ್ಪ, ನನ್ನ ಚಿತ್ರದಲ್ಲಿ ಸುಮಾರು ಅರ್ಧ ಸೆಂ.ಮೀ. ಆದರೆ ಚೂಪು ಮೂಲೆಯಲ್ಲಿ ಅದು ಅರ್ಧಕ್ಕೆ ನಿಲ್ಲುವುದಿಲ್ಲ. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದಷ್ಟೂ ಬಿಲ್ಲೆ ಉದ್ದವಾಗುವುದಿಲ್ಲವೇ, ಹಾಗೆ. ಎರಡು ರಸ್ತೆಗಳು ಚೂಪಾಗಿ ಕೂಡುವಲ್ಲಿ ಡಾಂಬರು ಉದ್ದಕ್ಕೆ ಹರಡಿಕೊಳ್ಳುವುದಿಲ್ಲವೇ, ಹಾಗೆ. ಕೆಳಗಿನ ಮೂಲೆ 45 ಡಿಗ್ರಿ, ಅಲ್ಲಿ ಅಂಚು ಸುಮಾರು 1.2 ಸೆಂ.ಮೀ. ಚಾಚುತ್ತದೆ. ಮೇಲಿನದು 32 ಡಿಗ್ರಿ, ಇನ್ನೂ ಚೂಪು, ಅಲ್ಲಿ ಸುಮಾರು 1.8. ಒಳಗೆ ಸರಿಸಮವಾಗಿದ್ದ ಎರಡು ಮೂತಿಗಳಲ್ಲಿ ಮೇಲಿನದು ಹೊರಗೆ ಮುಂದೆ ಬಂತು! ಅಗಲ ಹೆಚ್ಚು ಬೆಳೆದು 4:3 ಮುರಿದುಬಿತ್ತು; ಈಗಿನ ಅನುಪಾತ 1.21901..., ಮುಗಿಯದ, ಮರುಕಳಿಸದ ದಶಮಾಂಶ.

ತ್ರಿಕೋನಗಳೆಂದರೆ ಹಿಮಾಲಯದ ಶಿಖರಗಳು ಎನ್ನುವವರುಂಟು, ಹಿಂದೂ ಮತ್ತು ಬೌದ್ಧ ಧರ್ಮಗಳು ಎನ್ನುವವರೂ ಉಂಟು. ಅರ್ಥ ಹಚ್ಚುವುದು ಸುಲಭ. ನಮ್ಮ ತೇರುಗಳ ಮೇಲೆ ಈಗಲೂ ಹಾರುವಂಥ ತ್ರಿಕೋನ ಪತಾಕೆ ಈ ಉಪಖಂಡದಲ್ಲಿ ಬಹಳ ಹಳೆಯದು. ಎರಡನ್ನು ಮೇಲೆ ಕೆಳಗೆ ಇಟ್ಟರೆ ಇದೇ ಆಕಾರ. ಬಾವುಟದ ಮೇಲಿನ ತ್ರಿಕೋನದಲ್ಲಿ ಚಂದ್ರ, ಕೆಳಗಿನದರಲ್ಲಿ ಸೂರ್ಯ; ಇಬ್ಬರಿಗೂ ಮೊದಲು ಕಣ್ಣು ಮೂಗು ಇದ್ದವು. 1962ರ ಡಿಸೆಂಬರ್ 16ರಂದು ಈಗಿನ ರೂಪ ಬಂದಾಗ ಮುಖ ಹೋಗಿ ಲೆಕ್ಕ ಉಳಿಯಿತು: ಕಿರಣಗಳಾಗಿ ಚಂದ್ರನಿಗೆ 8 ಪುಟ್ಟ ತ್ರಿಕೋನ, ಸೂರ್ಯನಿಗೆ 12. ಸೂರ್ಯಚಂದ್ರರು ಇರುವತನಕ ದೇಶ ಬಾಳಲಿ ಎಂಬ ಆಶಯವಂತೆ. ಕನ್ನಡದ ಕಲ್ಲು ಶಾಸನಗಳ ನೆತ್ತಿ ನೋಡಿದವರಿಗೆ ಇದು ಹೊಸದಲ್ಲ. ಅಲ್ಲೂ ಅದೇ ಸೂರ್ಯಚಂದ್ರ, ಅದೇ ‘ಆಚಂದ್ರಾರ್ಕ’.

ಅನುಸೂಚಿ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ: ಎಳೆದ ಸಹಾಯಕ ಗೆರೆಗಳು ಕಾಲ್ಪನಿಕ, ಬಾವುಟದಲ್ಲಿ ಕಾಣಕೂಡದು. ನನ್ನ ಹಾಳೆಯಲ್ಲಿ ಮಾತ್ರ ಅವನ್ನು ಅಳಿಸಲು ಮನಸ್ಸಾಗಿಲ್ಲ.