ಆಳಸಮುದ್ರದ ಸ್ಕ್ವಿಡ್: ಹೊಸ ಪ್ರಭೇದ ಎನ್ನುವ ಮೊದಲು

ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್ ಆಳಸಮುದ್ರದ್ದಾದರೆ ಬಲೆಯಲ್ಲಿ ಇಡಿಯಾಗಿ ಸಿಗುವುದು ಅಪರೂಪ. ಚರ್ಮ ಉಜ್ಜಿಹೋಗಿರುತ್ತದೆ, ಹೀರುಬಟ್ಟಲುಗಳ ಉಂಗುರ ಉದುರಿರುತ್ತದೆ, ಎಂಟು ತೋಳುಗಳ ಜೊತೆಗಿರುವ ಉದ್ದನೆಯ ಎರಡು ಟೆಂಟಕಲ್‌ಗಳು (ಹಿಡಿಯುವ ಬಾಹುಗಳು) ಹರಿದಿರುತ್ತವೆ. ಇಲ್ಲದ ಅಂಗವನ್ನು ಬಲೆ ಕಿತ್ತಿತೋ, ಪ್ರಾಣಿಗೇ ಇರಲಿಲ್ಲವೋ ಎಂಬುದು ಮೊದಲು ಇತ್ಯರ್ಥವಾಗಬೇಕು. ಬುಡದಲ್ಲಿ ಹರಿದ ತುಂಡು ಉಳಿದಿದ್ದರೆ ಅದು ಬಲೆಯ ಕೆಲಸ. ಆಕ್ಟೊಪೊಟ್ಯೂಥಿಡೆ ಕುಟುಂಬದಲ್ಲಾದರೆ ಮರಿಗಳ ಟೆಂಟಕಲ್ ಬೆಳೆಯುತ್ತಾ ಇಲ್ಲವಾಗಿ ಎಂಟೇ ತೋಳು ಉಳಿಯುತ್ತವೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ವಿಜ್ಞಾನಿಗಳು 2025ರಲ್ಲಿ ಆಗ್ನೇಯ ಅರಬ್ಬಿ ಸಮುದ್ರದಿಂದ ವಿವರಿಸಿದ ಟ್ಯಾನಿಂಜಿಯಾ ಸೈಲಾಸಿ ಈ ಕುಟುಂಬದ್ದೇ.

ಹಡಗಿನ ಮೇಲೆ ಕೆಲಸದ ಕ್ರಮ ತಪ್ಪಬಾರದು. ಮೊದಲು ಅಳತೆಪಟ್ಟಿ ಇಟ್ಟು ಫೋಟೊ, ಏಕೆಂದರೆ ಬಣ್ಣವೂ ಬೆಳಕಿನ ಅಂಗಗಳ ಹೊಳಪೂ ಕೆಡದಂತೆ ಇಡುವ ದ್ರಾವಣದಲ್ಲಿ ಉಳಿಯುವುದಿಲ್ಲ. ಆಮೇಲೆ ಡಿಎನ್‌ಎಗಾಗಿ ಅಕ್ಕಿಕಾಳಿನಷ್ಟು ಮಾಂಸ ತೆಗೆದು 95% ಎಥನಾಲ್‌ಗೆ ಹಾಕಬೇಕು. ಮೈ ಕೊಳೆಯದಂತೆ ಗಟ್ಟಿಮಾಡುವ ಫಾರ್ಮಲಿನ್ ತಾಗಿದ ಮಾಂಸದ ಡಿಎನ್‌ಎ ಓದಲು ಹೆಣಗಬೇಕಾಗುತ್ತದೆ. ಈ ತುಂಡನ್ನು ಮ್ಯಾಂಟಲ್‌ನಿಂದ (ಚೀಲದಂಥ ಮೈಯಿಂದ), ಒಂದೇ ಬದಿಯಿಂದ ಕತ್ತರಿಸಬೇಕು. ತೋಳಿನ ತುದಿ ಸುಲಭಕ್ಕೆ ಸಿಗುತ್ತದೆಂದು ಅಲ್ಲಿ ಕತ್ತರಿ ಇಟ್ಟರೆ ಕೆಟ್ಟಿತು: ಟ್ಯಾನಿಂಜಿಯಾದ ದೊಡ್ಡ ಬೆಳಕಿನ ಅಂಗಗಳು ಎರಡನೇ ಜೋಡಿ ತೋಳುಗಳ ತುದಿಯಲ್ಲೇ ಇವೆ, ಹಲವು ಸ್ಕ್ವಿಡ್‌ಗಳಲ್ಲಿ ಗಂಡಿನ ಗುರುತಾದ ಮಾರ್ಪಟ್ಟ ಭಾಗವೂ ತೋಳಿನಲ್ಲೇ ಇರುತ್ತದೆ.

ಕೊನೆಗೆ ಫಾರ್ಮಲಿನ್. ಅಂಗಡಿಯ ಗಟ್ಟಿ ದ್ರಾವಣ ಒಂದು ಪಾಲು, ಸಮುದ್ರದ ನೀರು ಒಂಬತ್ತು ಪಾಲು, ಜೊತೆಗೆ ಬೋರಾಕ್ಸ್. ಬೋರಾಕ್ಸ್ ಮರೆತರೆ ದ್ರಾವಣ ಹುಳಿಯಾಗಿ ತಲೆಯೊಳಗಿನ ಸುಣ್ಣದ ಹರಳು, ಅಂದರೆ ವಯಸ್ಸು ಹೇಳುವ ಸ್ಟ್ಯಾಟೋಲಿತ್, ಕರಗಿಹೋಗುತ್ತದೆ. ದೊಡ್ಡ ಪ್ರಾಣಿಯ ಮ್ಯಾಂಟಲ್ ಸೀಳಿ ದ್ರಾವಣ ಒಳಗೆ ಹೋಗುವಂತೆ ಮಾಡದಿದ್ದರೆ ಹೊರಗೆ ಚೆನ್ನಾಗಿ ಕಂಡರೂ ಜೀರ್ಣಾಂಗ ಒಳಗೇ ಕೊಳೆಯುತ್ತದೆ. ಗಟ್ಟಿಯಾದ ಮೇಲೆ ನೀರಿನಲ್ಲಿ ತೊಳೆದು 70% ಎಥನಾಲ್‌ಗೆ ವರ್ಗಾಯಿಸುತ್ತಾರೆ. ಲೋಳೆಯಂಥ ಮೈಯವು ಇಲ್ಲಿ ತುಂಬಾ ಕುಗ್ಗುತ್ತವೆ. ಆದ್ದರಿಂದ ಅಳತೆ ತಾಜಾ ಇದ್ದಾಗಿನದೋ, ದ್ರಾವಣದಲ್ಲಿಟ್ಟ ನಂತರದ್ದೋ ಎಂದು ಬರೆಯದ ಕೋಷ್ಟಕ ನಿಷ್ಪ್ರಯೋಜಕ.

ಅಳತೆಗೆ ಆಧಾರ ಬೆನ್ನಿನ ಕಡೆಯ ಮ್ಯಾಂಟಲ್ ಉದ್ದ. ಉಳಿದ ಅಂಗಗಳನ್ನು ಅದರ ಶೇಕಡಾವಾರು ಲೆಕ್ಕದಲ್ಲಿ ಕೊಡುತ್ತಾರೆ. ಹೋಲಿಕೆ ಮಾತ್ರ ಸಮಾನ ಗಾತ್ರದವುಗಳ ನಡುವೆ ನಡೆಯಬೇಕು, ಏಕೆಂದರೆ ಕೆಲವು ಕುಟುಂಬಗಳಲ್ಲಿ ಮರಿಯ ಹೀರುಬಟ್ಟಲೇ ಬೆಳೆಯುತ್ತಾ ಕೊಕ್ಕೆಯಾಗುತ್ತದೆ. ಮರಿಯನ್ನೂ ದೊಡ್ಡದನ್ನೂ ಎದುರುಬದುರು ಇಟ್ಟರೆ ಒಂದೇ ಪ್ರಾಣಿಗೆ ಎರಡು ಹೆಸರು ಬಿದ್ದೀತು. ದೈತ್ಯ ಸ್ಕ್ವಿಡ್ ಆರ್ಕಿಟ್ಯೂಥಿಸ್‌ಗೆ ಆದದ್ದೂ ಸರಿಸುಮಾರು ಇದೇ. ದಡಕ್ಕೆ ಬಿದ್ದ, ಕೊಳೆತ ತುಂಡುಗಳನ್ನು ನೋಡಿ ಹೆಸರುಗಳ ಸಾಲೇ ಹುಟ್ಟಿತು. 2013ರಲ್ಲಿ 43 ಮಾದರಿಗಳ ಮೈಟೊಕಾಂಡ್ರಿಯ ಜೀನೋಮ್ (ಜೀವಕೋಶದೊಳಗಿನ ಮೈಟೊಕಾಂಡ್ರಿಯದ ಇಡೀ ಡಿಎನ್‌ಎ) ಓದಿದಾಗ ಜಗತ್ತಿನಲ್ಲೆಲ್ಲ ಇರುವುದು ಒಂದೇ ಪ್ರಭೇದ ಎಂಬತ್ತ ಪುರಾವೆ ವಾಲಿತು.

ವಿಡಿಯೊ ಎಷ್ಟೇ ಸ್ಪಷ್ಟವಾಗಿರಲಿ, ಇಂಥ ಹೋಲಿಕೆಗೆ ಸಾಲದು. ಮ್ಯಾಗ್ನಪಿನ್ನಾ ಕುಟುಂಬವನ್ನು 1998ರಲ್ಲಿ ಸ್ಥಾಪಿಸಿದ್ದು ಎಳೆಯ ಮಾದರಿಗಳಿಂದ. ದಾರದಂಥ ತೋಳುಗಳ ದೊಡ್ಡವು 2,000 ಮೀಟರಿಗೂ ಕೆಳಗೆ ಕ್ಯಾಮೆರಾಕ್ಕೆ ಸಿಕ್ಕಿದ್ದರೂ ಅವು ಯಾವ ಪ್ರಭೇದದವು ಎಂದು ದೃಶ್ಯ ನೋಡಿ ತೀರ್ಮಾನಿಸಲಾಗದು.

ಹೊಸ ಪ್ರಭೇದದ ವಿವರಣೆಯಲ್ಲಿ ಹೋಲೋಟೈಪ್ (ಆ ಹೆಸರಿಗೆ ಆಧಾರವಾದ ಒಂದೇ ಮಾದರಿ) ಯಾವುದು, ಯಾವ ಸಂಗ್ರಹಾಲಯದಲ್ಲಿದೆ ಎಂಬುದು ಇರಲೇಬೇಕು, ಅದರ ನೋಂದಣಿ ಸಂಖ್ಯೆಯನ್ನೂ ಕೊಡುವುದು ರೂಢಿ. ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮಾವಳಿಯ 2012ರ ತಿದ್ದುಪಡಿಯ ನಂತರ ಆನ್‌ಲೈನ್ ಪತ್ರಿಕೆಯಲ್ಲಷ್ಟೇ ಪ್ರಕಟಿಸಿದರೂ ಹೆಸರು ಸಲ್ಲುತ್ತದೆ, ಆದರೆ ಆ ಲೇಖನ ಮೊದಲೇ ಪ್ರಾಣಿಗಳ ಹೆಸರುಗಳ ಆನ್‌ಲೈನ್ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿಯಾಗಿ, ನೋಂದಣಿಯ ಪುರಾವೆ ಲೇಖನದೊಳಗೇ ಅಚ್ಚಾಗಿರಬೇಕು.